ಕರ್ತೃಪದವಿಲ್ಲದ ಕಾಯಿಲೆ

ನನ್ನ ಹೊಟ್ಟೆಯಲ್ಲಿ ಬೆಳೆದದ್ದು ಗಡ್ಡೆ. ಅದನ್ನು ಮಗು ಎಂದು ಊರಿಗೆಲ್ಲ ಸಾರಿದವರು ನನ್ನ ಭಾವ. ಗಡ್ಡೆಯನ್ನು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಭಾವನವರ ಹೆಮ್ಮೆಯನ್ನು ಕೊಯ್ದು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ಎರಡನೆಯ ಆಪರೇಷನ್ನಿನಲ್ಲಿ ರೋಗಿಗೆ ಮತ್ತು ಬರಿಸುವ ಔಷಧಿ ಕೊಡಲಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಇದೇ ಕಾಯಿಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒದ್ದಾಡುತ್ತಿರುವ ಹೆಂಗಸರು ಇದನ್ನು ಓದಿ ಧೈರ್ಯ ತಂದುಕೊಳ್ಳಲಿ ಎಂಬ ಸದುದ್ದೇಶ ನನಗಿದೆ. ಭಾವನವರೂ ಓದಲಿ ಎಂಬ ಉದ್ದೇಶವೂ ಇದೆ. ಎರಡರಲ್ಲಿ ಯಾವುದು ಹೆಚ್ಚೆಂದು ತೂಗಿ ನೋಡುವ ಸಾಹಸಕ್ಕೆ ನಾನು ಹೋಗಿಲ್ಲ.

ಎಪ್ಪತ್ತರ ದಶಕ. ಹೊಳಲ್ಕೆರೆ. ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ. ನಮ್ಮವರು ಗಂಡುಮಕ್ಕಳ ಶಾಲೆಯಲ್ಲಿ ಗಣಿತದ ಮೇಷ್ಟರು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಿರಲಿಲ್ಲ. ಮನೆಯಲ್ಲಿ ಅತ್ತೆ, ಮತ್ತು ಮನೆಯ ಯಜಮಾನರಾದ ಭಾವ, ಎಂದರೆ ನಮ್ಮವರ ಅಣ್ಣ. ಅವರ ಹೆಂಡತಿ ಗಿರಿಜಕ್ಕ ನಾನು ಆ ಮನೆಗೆ ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಏನಾಗಿತ್ತು ಎಂದು ಹೊಸದರಲ್ಲಿ ಕೇಳಿದ್ದೆ. "ಹೆಂಗಸರ ಕಾಯಿಲೆ" ಎಂದು ಉತ್ತರ ಬಂದಿತ್ತು. ಆ ಉತ್ತರದ ಮುಂದೆ ಬಾಗಿಲು ಹಾಕಿತ್ತು.

ಭಾವ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕೆಲಸದಲ್ಲಿದ್ದಾಗಲೇ ಹೋಮಿಯೋಪತಿಯ ಹವ್ಯಾಸ ಹಿಡಿದಿತ್ತು. ನಿವೃತ್ತಿಯಾದ ಮೇಲೆ ಅದು ಪೂರ್ಣಾವಧಿಯ ಅಧಿಕಾರವಾಯಿತು. ಪಡಸಾಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಸಣ್ಣ ಸಣ್ಣ ಶೀಶೆಗಳ ಮರದ ಪೆಟ್ಟಿಗೆ, ಪಕ್ಕದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ರೋಗಿ ಬಂದರೆ ಕನ್ನಡಕ ಮೂಗಿನ ತುದಿಗೆ ಇಳಿಸಿ, "ಹೂಂ, ಏನ್ ನಿನ್ನ ಅಹವಾಲು?" ಎನ್ನುತ್ತಿದ್ದರು. ಶೀತ, ಕೆಮ್ಮು, ಮಕ್ಕಳ ಭೇದಿ ಇವುಗಳಿಗೆ ಸಕ್ಕರೆ ಗುಳಿಗೆ ಕೊಡುತ್ತಿದ್ದರು. ಮಕ್ಕಳು ಗುಳಿಗೆಯ ಆಸೆಗೇ ಕೆಮ್ಮುತ್ತಿದ್ದವು. ಇದರಲ್ಲಿ ಯಾರಿಗೂ ನಷ್ಟವಿರಲಿಲ್ಲ.

ನಷ್ಟ ಶುರುವಾದದ್ದು ನನ್ನಿಂದ. ತಿಂಗಳಿಗೆ ಒಂದು ಸಲ ಬಂದು ಮರ್ಯಾದೆಯಾಗಿ ಹೋಗಬೇಕಾದದ್ದು, ಬಂದಮೇಲೆ ಹೋಗುವ ಯೋಚನೆಯನ್ನೇ ಬಿಟ್ಟಿತು. ಅತ್ತೆಯ ಮನೆಯಲ್ಲಿ ಮೂರು ದಿನ ಹೊರಗೆ ಕೂರುವ ಪದ್ಧತಿ ಬಿಗಿಯಾಗಿತ್ತು. ಮೂರು ದಿನದ ಶಾಸ್ತ್ರ ತಿಂಗಳಿಗೆ ಬೆಳೆದಾಗ ಅಡಿಗೆ ಯಾರು ಮಾಡಬೇಕೆಂಬ ಪ್ರಶ್ನೆ ಎದ್ದು, ಕೊನೆಗೆ ಶಾಸ್ತ್ರವೇ ಹೊರಗೆ ಹೋಗಿ ಕೂತಿತು. ನಾನು ಒಲೆಯ ಮುಂದೆ ಕೂತೆ.

ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಬರೆಯಲು ಹೆದರಿಕೆ. ಕುರ್ಚಿಯಿಂದ ಏಳಲು ಹೆದರಿಕೆ. ಕಡು ಬಣ್ಣದ ಎರಡು ಸೀರೆಗಳಲ್ಲೇ ವರ್ಷ ಕಳೆಯಿತು. ಹಳೆಯ ಪಂಚೆ ಹರಿದು ಮಾಡಿದ ಬಟ್ಟೆಗಳನ್ನು ಒಗೆದು, ಯಾರ ಕಣ್ಣಿಗೂ ಬೀಳದಂತೆ ಹಿತ್ತಲಲ್ಲಿ ಸೀರೆಯ ಅಡಿಯಲ್ಲಿ ಒಣಗಿಸುವುದು. ಬಿಸಿಲು ಕಾಣದೆ ಅವು ಒಣಗುತ್ತಲೂ ಇರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ತಂದರೆ ಎದೆ ಡವಗುಟ್ಟುತ್ತಿತ್ತು. ಉಗುರು ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಇದೆಲ್ಲ ಸಾಲದೆಂಬಂತೆ ಹಸಿ ಅಕ್ಕಿ ತಿನ್ನುವ ಚಟ ಅಂಟಿಕೊಂಡಿತು. ಮೊರದ ಮುಂದೆ ಕೂತರೆ ಆರಿಸಿದ್ದಕ್ಕಿಂತ ಅಗಿದದ್ದೇ ಹೆಚ್ಚು. ರಕ್ತ ಕಡಿಮೆಯಾದವರಿಗೆ ಹಾಗಾಗುತ್ತದೆಂದು ಆಮೇಲೆ ತಿಳಿಯಿತು. ಆಗ ತಿಳಿದಿದ್ದರೆ ಈ ಕಥೆ ಅರ್ಧದಲ್ಲೇ ಮುಗಿಯುತ್ತಿತ್ತು.

"ದುರ್ಗದಾಗೆ ಲೇಡಿ ಡಾಕ್ಟ್ರು ಅವರಂತೆ. ಹೋಗಾಣ" ಎಂದು ನಮ್ಮವರಿಗೆ ಹೇಳಿದೆ.

"ಅಣ್ಣನ್ನ ಒಂದ್ ಮಾತು ಕೇಳಾಣ" ಎಂದರು ಅವರು. ನಮ್ಮವರು ಒಳ್ಳೆಯವರು. ಲೆಕ್ಕದಲ್ಲಿ ಎಂಥ ಗಂಟನ್ನೂ ಬಿಡಿಸುವವರು. ಅಣ್ಣನ ಮುಂದೆ ಮಾತ್ರ ಅವರ ನಾಲಿಗೆ ತಾನೇ ಗಂಟು ಹಾಕಿಕೊಳ್ಳುತ್ತಿತ್ತು.

ಅಣ್ಣನನ್ನು ಕೇಳಿದರು. ಅಣ್ಣ, "ಮನೇಲೆ ಡಾಕ್ಟ್ರು ಇರುವಾಗ ದುರ್ಗ ಯಾಕೆ?" ಎಂದರು. ನನ್ನ ವಿಚಾರಣೆ ಆರಂಭವಾಯಿತು.

ವಿಚಾರಣೆಯ ವ್ಯವಸ್ಥೆ ಹೀಗಿತ್ತು. ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅದರಲ್ಲೂ ಈ ವಿಷಯ! ಹಾಗಾಗಿ ಭಾವ ಪಡಸಾಲೆಯಲ್ಲಿ, ನಾನು ಅಡಿಗೆಮನೆಯ ಬಾಗಿಲ ಮರೆಯಲ್ಲಿ, ಅತ್ತೆ ನಡುವೆ ಹೊಸ್ತಿಲ ಮೇಲೆ. ಪ್ರಶ್ನೆ ಹೊಸ್ತಿಲು ದಾಟಿ ಒಳಗೆ ಬರಬೇಕು, ಉತ್ತರ ಹೊಸ್ತಿಲು ದಾಟಿ ಹೊರಗೆ ಹೋಗಬೇಕು.

"ಗುಡುಗು ಸಿಡಿಲಿಗೆ ಹೆದರ್ತಾಳಾ ಕೇಳಮ್ಮ."

"ಹೆದರ್ತೀಯೇನೇ?"

"ಇಲ್ಲ ಅತ್ತೆ."

"ಇಲ್ವಂತೆ."

"ಸುಮ್ ಸುಮ್ನೆ ಅಳ್ತಾಳಾ?"

ಅತ್ತೆ ಇದನ್ನು ನನ್ನವರೆಗೆ ತರುವ ಶ್ರಮ ತೆಗೆದುಕೊಳ್ಳಲಿಲ್ಲ. "ಅಳಲ್ಲ. ಸಿಡುಕ್ತಾಳೆ."

"ಸಿಹಿ ಇಷ್ಟವೋ ಹುಳಿ ಇಷ್ಟವೋ?"

"ಕಾಫಿ ಇಷ್ಟ ಅಂತ ಹೇಳಿ ಅತ್ತೆ."

"ಹುಳಿಯಂತೆ" ಎಂದರು ಅತ್ತೆ.

ಭಾವ ಹುಳಿಯನ್ನು ಗಂಭೀರವಾಗಿ ಪುಸ್ತಕದಲ್ಲಿ ಹುಡುಕಿದರು. ಕೊನೆಗೆ ಮುಖ್ಯ ವಿಷಯಕ್ಕೆ ಬಂದಾಗ ಅವರ ದನಿ ಇಳಿಯಿತು. "ಅದು... ಹೆಚ್ಚೈತಾ?"

ಕನ್ನಡ ಮೇಡಂ ಆಗಿ ಇಲ್ಲೊಂದು ವ್ಯಾಕರಣದ ಮಾತು ಹೇಳಲೇಬೇಕು. ಆ ಮನೆಯಲ್ಲಿ, ಬಹುಶಃ ನಿಮ್ಮ ಮನೆಯಲ್ಲೂ, ಹೆಂಗಸರ ಈ ಸಂಗತಿಗೆ ಕ್ರಿಯಾಪದ ಮಾತ್ರ ಇದೆ, ಕರ್ತೃಪದ ಇಲ್ಲ. ಆಗೈತೆ. ಹೋಗ್ತೈತೆ. ಹೆಚ್ಚೈತೆ. ನಿಂತೈತೆ. ಏನು ಆಗಿದೆ, ಏನು ಹೋಗುತ್ತಿದೆ, ಏನು ನಿಂತಿದೆ? ಹೇಳಬಾರದು. ನನ್ನ ತರಗತಿಯ ಹುಡುಗಿಯರು ಹೀಗೆ ವಾಕ್ಯ ಬರೆದರೆ ಕೆಂಪು ಮಸಿಯಲ್ಲಿ ಅಡಿಗೆರೆ ಎಳೆಯುತ್ತಿದ್ದೆ. ಮನೆಯಲ್ಲಿ ನನ್ನ ಪ್ರಾಣವೇ ಅಂಥ ವಾಕ್ಯಗಳ ಮೇಲೆ ನಿಂತಿತ್ತು.

ಔಷಧಿ ಬಂತು. ಅಶೋಕ ಮರದ ತೊಗಟೆಯಿಂದ ಇಳಿಸಿದ್ದು. ಹೆಂಗಸರ ಎಲ್ಲ ತೊಂದರೆಗೂ, ಗರ್ಭಕೋಶದ ಎಲ್ಲ ಸಂಕಟಕ್ಕೂ ಇದೇ ಎಂದು ಭಾವನವರ ಪುಸ್ತಕದ ಅಪ್ಪಣೆಯಾಗಿತ್ತಂತೆ. ಅಶೋಕ ಎಂದರೆ ಶೋಕವಿಲ್ಲದ್ದು. ಆ ಮನೆಯಲ್ಲಿ ಈ ಪದ ಹೊಂದುತ್ತಿದ್ದದ್ದು ಭಾವನವರಿಗೆ ಮಾತ್ರ. ಶೀಶೆಯ ಚೀಟಿಯ ಮೇಲೆ 'ಮದರ್ ಟಿಂಚರ್' ಎಂದಿತ್ತು. ನೀರು ಬೆರೆಸಿ ತೆಳು ಮಾಡದ ಮೂಲ ಅರ್ಕಕ್ಕೆ ಅವರ ಕಡೆ ಹಾಗೆನ್ನುತ್ತಾರೆ, ಅಷ್ಟೆ.

"ಮದರ್ ಅಂದ್ರೆ ಏನೋ?" ಎಂದರು ಅತ್ತೆ.

"ತಾಯಿ."

"ಹಂಗಾದ್ರೆ ತಾಯಿ ಆಗೋ ಔಷ್ಧಿ ಅನ್ನು!"

ಭಾವ ಆಗ ಕನ್ನಡಕ ಒರೆಸುತ್ತಿದ್ದರು. ವಿವರಿಸುವ ಶ್ರಮ ಯಾಕೆಂದು, "ಹಂಗೇ ಅನ್ಕ" ಎಂದುಬಿಟ್ಟರು. ಆ ಒಂದು ಮಾತಿಗೆ ನಾನು ಅವರನ್ನು ಎಷ್ಟು ದೂರ ಓಡಿಸಿದೆನೆಂಬುದು ಮುಂದೆ ಬರುತ್ತದೆ.

ಔಷಧಿಯ ಜೊತೆಗೆ ಪಥ್ಯ. ಈರುಳ್ಳಿ ಕೂಡದು, ಬೆಳ್ಳುಳ್ಳಿ ಕೂಡದು, ಹತ್ತಿರದಲ್ಲಿ ಕರ್ಪೂರ ಹಚ್ಚಕೂಡದು. ಕಾಫಿ ಕೂಡದು. ಮನುಷ್ಯಳನ್ನು ರಕ್ತವಿಲ್ಲದೆ ಇರಿಸಬಹುದು, ಕಾಫಿಯಿಲ್ಲದೆ ಇರಿಸುವುದು ಯಾವ ನ್ಯಾಯ? ನಮ್ಮ ಮನೆಯಲ್ಲಿ ಬೆಳಿಗ್ಗೆ ಕಾಫಿ ಇಳಿಯುವ ಪರಿಮಳ ಪಡಸಾಲೆಗೆ ಹೋಗಿ ಭಾವನವರ ಲೋಟದಲ್ಲಿ ವಿಶ್ರಮಿಸುತ್ತಿತ್ತು. ಅದನ್ನು ಬೆರೆಸಿ ಕೊಡುವವಳು ನಾನು. ಸೇಡಿನ ಬೀಜ ಬಿದ್ದದ್ದು ಅಲ್ಲಿಯೇ ಎಂದು ನನ್ನ ಅಂದಾಜು.

ಹನಿಗಳನ್ನು ನಿಯಮದಂತೆ ಕುಡಿದೆ. ಕೆಲವು ಕಾಲದ ಮೇಲೆ, ಔಷಧಿಯಿಂದಲೋ ತನ್ನಷ್ಟಕ್ಕೋ ದೇವರಿಗೇ ಗೊತ್ತು, ರಕ್ತ ಕಡಿಮೆಯಾಯಿತು. ಒಂದು ಬೆಳಿಗ್ಗೆ ಭಾವ ಪಡಸಾಲೆಯಿಂದ, "ನಿಂತೈತಾ ಕೇಳಮ್ಮ" ಎಂದರು. ನಾನು ಒಳಗಿಂದ, "ಸದ್ಯಕ್ಕೆ ನಿಂತೈತೆ" ಎಂದೆ. ಅತ್ತೆ 'ಸದ್ಯಕ್ಕೆ' ಎಂಬುದನ್ನು ಹೊಸ್ತಿಲಲ್ಲೇ ಬಿಟ್ಟು, "ನಿಂತೈತಂತೆ!" ಎಂದು ಗಟ್ಟಿಯಾಗಿ ಸಾರಿದರು.

ಪಡಸಾಲೆಯಲ್ಲಿ ಮಗುವಿನ ಕೆಮ್ಮಿಗೆ ಗುಳಿಗೆ ಕೇಳಲು ಬಂದು ಕೂತಿದ್ದವಳು ಎದುರು ಮನೆಯ ರಾಜಮ್ಮ. ಮಕ್ಕಳಿಲ್ಲದ ಸೊಸೆಯ ವಿಷಯದಲ್ಲಿ ಅತ್ತೆಯಾದವಳು 'ನಿಂತೈತೆ' ಎಂದು ಕೂಗಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ರಾಜಮ್ಮ ಒಳಗೆ ಬಗ್ಗಿ ನೋಡಿದಳು. ನಾನು ಮೊರದ ಮುಂದೆ ಅಕ್ಕಿ ಅಗಿಯುತ್ತ ಕೂತಿದ್ದೆ. ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿತ್ತು.

"ಅಯ್ಯೋ, ಬಯಕೆ ಬೇರೆ ಶುರುವಾಗೈತೆ! ಬಾಯಿ ಬಿಡ್ಲೇ ಇಲ್ಲ ನೋಡು ಕಳ್ಳಿ!" ಎಂದಳು. ಕೆಮ್ಮುವ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬೀದಿಗೆ ಇಳಿದಳು. ಗುಳಿಗೆ ಮರೆತೇ ಹೋಗಿತ್ತು.

ಸಂಜೆಯೊಳಗೆ ಜನ ಭಾವನವರನ್ನು ಅಭಿನಂದಿಸಲು ಬಂದರು. ಗಮನಿಸಿ, ನಮ್ಮವರನ್ನಲ್ಲ, ಭಾವನವರನ್ನು. ಎಷ್ಟೋ ವರ್ಷ ಆಗದ್ದು ಅವರ ಹನಿಗಳಿಂದ ಆಯಿತಲ್ಲ! ಭಾವ ಮೊದಲು ಸ್ವಲ್ಪ ತಬ್ಬಿಬ್ಬಾದರಂತೆ. ಆಗಲಾದರೂ ಒಳಗೆ ಬಂದು, "ಏನಮ್ಮ, ಏನು ನಿಂತಿದೆ?" ಎಂದು ಕೇಳಬಹುದಿತ್ತು. ಕೇಳಬೇಕಾದರೆ ಆ ಪದ ಬಾಯಿಂದ ಹೊರಡಬೇಕು. ಅದಕ್ಕಿಂತ ನನ್ನನ್ನು ಬಸುರಿ ಎಂದು ಒಪ್ಪಿಕೊಳ್ಳುವುದೇ ಅವರಿಗೆ ಸುಲಭವಾಗಿ ಕಂಡಿತು. "ಮದರ್ ಟಿಂಚರ್ ಅಲ್ವೇನಪ್ಪ? ಹೆಸ್ರಲ್ಲೇ ಐತೆ" ಎಂದು ಬಂದವರಿಗೆ ಹೇಳಲಾರಂಭಿಸಿದರು.

"ಇದು ಅದಲ್ಲ ರೀ" ಎಂದು ನಮ್ಮವರಿಗೆ ಹೇಳಿದೆ. "ನಿಂತಿರೋದು ರಕ್ತ. ಅದೂ ಪೂರ್ತಿ ನಿಂತಿಲ್ಲ."

"ಅಣ್ಣ ಅಷ್ಟು ಖಚಿತವಾಗಿ ಹೇಳ್ತಾ ಅವನೆ..." ಎಂದರು. ಅವರ ಮುಖ ನೋಡಿದೆ. ಆ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. ನಾಲಿಗೆ ತಡೆಯಿತು.

ಮುಂದಿನದನ್ನು ಬರೆಯುವಾಗ ನನ್ನ ಹಾಸ್ಯ ನನ್ನ ಕೈಬಿಡುತ್ತದೆ. ತವರೂರು ಹರಿಯಬ್ಬೆಯಿಂದ ನನ್ನ ಅಣ್ಣ ಒಂದು ಚೀಲ ಶೇಂಗಾ ಹೊತ್ತು ಬಸ್ಸಿಳಿದು ಬಂದ. ಚೀಲ ಇಳಿಸಿ ಕಣ್ಣೊರೆಸಿಕೊಂಡ. ಬೀದಿಯ ಹೆಂಗಸರು ಕೂಡಿ ಕೈತುಂಬ ಹಸಿರು ಬಳೆ ತೊಡಿಸಿದರು. ಅತ್ತೆ ಭಾರದ ಕೆಲಸ ಬಿಡಿಸಿದರು, ಎಳ್ಳಿನ ಚಿಗಳಿ ಕುಟ್ಟಿಕೊಟ್ಟರು. ಮತ್ತು ಹೊಟ್ಟೆ ಬೆಳೆಯುತ್ತಿತ್ತು. ನಿಜವಾಗಿಯೂ ಬೆಳೆಯುತ್ತಿತ್ತು. ಕೈಯಿಟ್ಟರೆ ಗಟ್ಟಿಯಾಗಿ ಏನೋ ಸಿಗುತ್ತಿತ್ತು. ಎಲ್ಲರೂ ಹೇಳುತ್ತಿರುವಾಗ, ನನ್ನ ಮೈಯೇ ಅವರ ಪರ ಸಾಕ್ಷಿ ನುಡಿಯುತ್ತಿರುವಾಗ, ಕೆಲವು ವಾರ ನಾನೂ ನಂಬಿದೆ. ಗಂಡಾದರೆ ಏನು, ಹೆಣ್ಣಾದರೆ ಏನು ಎಂದು ಮನಸ್ಸಿನಲ್ಲೇ ಹೆಸರು ಹುಡುಕಿದೆ. ಗಡ್ಡೆಗೆ ಹೆಸರು ಹುಡುಕಿದ ಹೆಂಗಸು ನಾನು. ಕಾಫಿಯನ್ನು ಕ್ಷಮಿಸಬಹುದು. ಆ ಕೆಲವು ವಾರಗಳನ್ನು ಭಾವನವರಿಗೆ ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ರಕ್ತ ಮತ್ತೆ ಶುರುವಾಯಿತು. ಅತ್ತೆಗೆ ಹೇಳಿದೆ. ಅತ್ತೆ ಹೊಸ್ತಿಲಿಗೆ ಹೋಗಿ, "ಸ್ವಲ್ಪ ಹೋಗ್ತೈತಂತೆ" ಎಂದರು. "ಮೊದ್ಲು ಮೊದ್ಲು ಹಂಗೇ. ಉಷ್ಣ. ಹನಿ ಜಾಸ್ತಿ ಮಾಡಿ" ಎಂದು ತೀರ್ಪು ಬಂತು. ಹನಿ ಜಾಸ್ತಿಯಾಯಿತು, ರಕ್ತವೂ ಜಾಸ್ತಿಯಾಯಿತು. ಆಸ್ಪತ್ರೆ ಎಂದೆ. "ಅಲ್ಲಿ ಹೋದ್ರೆ ಕೊಯ್ತಾರೆ, ಮಗೀಗೆ ತೊಂದ್ರೆ" ಎಂದು ತೀರ್ಪು. ಇಲ್ಲದ ಮಗುವಿನ ಕ್ಷೇಮಕ್ಕಾಗಿ ಇರುವ ನಾನು ಸಾಯಬೇಕೆಂಬುದು ಆ ತೀರ್ಪಿನ ಸಾರಾಂಶ. ಮೇಲ್ಮನವಿಗೆ ಅವಕಾಶವಿರಲಿಲ್ಲ. ನಮ್ಮವರು ಎರಡು ಕಡೆಯೂ ನೋಡುತ್ತ ನಿಂತರು.

ಒಂದು ಭಾನುವಾರ ಮಧ್ಯಾಹ್ನ ಅಡಿಗೆಮನೆಯಲ್ಲಿ ಬಿದ್ದೆ. ಕಣ್ಣಿಗೆ ಕತ್ತಲೆ, ಕಿವಿಗೆ ಮಾತ್ರ ಎಲ್ಲ ಕೇಳಿಸುತ್ತಿತ್ತು. ಅತ್ತೆ ಓಡಿಬಂದು ನನ್ನ ತಲೆ ತೊಡೆಯ ಮೇಲೆ ಎತ್ತಿಕೊಂಡರು. ಅವರ ಕೈ ನೆಲಕ್ಕೆ ತಗುಲಿತು. ಕೈ ಎತ್ತಿ ನೋಡಿಕೊಂಡರು. ಅಷ್ಟರಲ್ಲಿ ಪಡಸಾಲೆಯಿಂದ ದನಿ:

"ಏನಾಯ್ತಮ್ಮ? ಹೆಚ್ಚೈತಾ, ಕಡಿಮೆಯೈತಾ ಕೇಳು."

ಅತ್ತೆ ನನ್ನನ್ನು ಕೇಳಲಿಲ್ಲ. ಹೊಸ್ತಿಲಿಗೂ ಹೋಗಲಿಲ್ಲ. ಇದ್ದ ಜಾಗದಿಂದಲೇ ಕೂಗಿದರು.

"ನೀನೇ ಬಂದು ನೋಡೋ!"

"ಅಮ್ಮಾ, ನಾನು ಹೆಂಗೆ..."

"ಹೆಂಗೆ ಅಂದ್ರೆ ಕಣ್ಣಿಂದ! ಗಿರಿಜನ್ನ ಕೇಳ್ದಾಗ್ಲೂ ನಾನೇ ಅಲ್ಲಿ ನಿಂತಿದ್ದೆ. ನಿಂತೈತಾ ಕೇಳಮ್ಮ ಅಂತ ನೀನಂದೆ. ನಾನು ಒಳಗೆ ಬಂದು ನೋಡ್ದೆ. ನಿಂತಿತ್ತು. ನಿಂತೈತೆ ಅಂತ ಬಂದು ಹೇಳ್ದೆ. ನೀನು ಸದ್ಯ ಅಂದೆ. ಏನು ನಿಂತೈತೆ ಅಂತ ನೀನು ಕೇಳ್ಲಿಲ್ಲ, ನನ್ ಬಾಯಲ್ಲಿ ಬರ್ಲಿಲ್ಲ. ಉಸಿರು ಕಣೋ! ನಿಂತಿದ್ದು ಅವಳ ಉಸಿರು!"

ಅತ್ತೆ ಕೆಂಪಾದ ಕೈಯನ್ನು ಪಡಸಾಲೆಯ ಕಡೆಗೆ ಎತ್ತಿ ಹಿಡಿದರು.

"ರಕ್ತ. ಮುಟ್ಟಿನ ರಕ್ತ. ಕೇಳಿಸ್ತಾ? ನೆಲದ ತುಂಬ ಐತೆ. ಬಂದು ಇದನ್ನ ದಾಟ್ಕಂಡು ಹೋಗಿ ಕಾರು ಕರ್ಕಂಡ್ ಬರ್ತೀಯೋ, ನಾನೇ ಬೀದೀಗೆ ಹೋಗಿ ಕೂಗ್ಲೋ?"

ಕಾರು ಬಂತು. ಆಗಿನ ಬಾಡಿಗೆಯ ಹಳೆಯ ಪ್ಲೆಷರ್ ಕಾರು. ತಂದವರು ನಮ್ಮವರು, ಅಣ್ಣನನ್ನು ಕೇಳದೆ ಅವರು ಮಾಡಿದ ಮೊದಲ ಕೆಲಸ ಅದು. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ನನ್ನ ತಲೆ. ಮುಂದೆ ಡ್ರೈವರನ ಪಕ್ಕ ಭಾವ, ಕರೆಯದಿದ್ದರೂ ಹತ್ತಿ ಕೂತಿದ್ದರು. ದಾರಿಯುದ್ದಕ್ಕೂ ಅವರ ಬೋಳು ನೆತ್ತಿಯ ಹಿಂಭಾಗವನ್ನೇ ನೋಡುತ್ತ ಹೋದೆ. ಬದುಕಬೇಕೆಂಬ ಛಲ ನನಗೆ ಹುಟ್ಟಿದ್ದು ಆ ನೆತ್ತಿ ನೋಡಿ. ನಾನು ಸತ್ತರೆ ಇವರು, "ಹೆಂಗಸರ ಕಾಯಿಲೆ" ಎಂದು ಹೇಳಿ ಮುಗಿಸುತ್ತಾರೆ; ಆ ಸೌಕರ್ಯ ಇವರಿಗೆ ಕೊಡಕೂಡದು ಎಂದು ಹಲ್ಲು ಕಚ್ಚಿ ಉಸಿರಾಡಿದೆ. ಕೋಪಕ್ಕೆ ಔಷಧೀಯ ಗುಣವಿದೆ. ಭಾವನವರ ಪುಸ್ತಕದಲ್ಲಿ ಇದನ್ನು ಸೇರಿಸಬಹುದು.

ಆಸ್ಪತ್ರೆಯ ವರಾಂಡದಲ್ಲಿ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕ ನಗುವ ಅಪ್ಪ, ಅಮ್ಮ, ಎರಡು ಮಕ್ಕಳು. ಅದರ ಕೆಳಗೇ ನನಗೆ ಬೆಂಚು ಸಿಕ್ಕಿತು. ಪಕ್ಕದಲ್ಲಿದ್ದ ತುರುವನೂರಿನ ಮುದುಕಿಯೊಬ್ಬಳು ತನ್ನ ಸೊಸೆಯ ಹೆರಿಗೆಗೆ ಬಂದಿದ್ದಳು. ನನ್ನ ಬಣ್ಣ ನೋಡಿ, ಏನೂ ಕೇಳದೆ, ತನ್ನ ಕಂಬಳಿ ತೆಗೆದು ನನಗೆ ಹೊದಿಸಿದಳು. ಅದಕ್ಕೆ ಕುರಿಯ ವಾಸನೆ ಇತ್ತು. ಅಷ್ಟು ಬೆಚ್ಚಗಿನ ವಸ್ತು ನಾನು ಇನ್ನೊಂದು ಹೊದ್ದಿಲ್ಲ.

ಡಾಕ್ಟರಮ್ಮ ಎತ್ತರದ ದನಿಯ ಕಪ್ಪು ಹೆಂಗಸು. ನನ್ನನ್ನು ಮಲಗಿಸಿ, ಹೊಟ್ಟೆ ಒತ್ತಿ ನೋಡುತ್ತ, ನನ್ನ ಮುಖವನ್ನೇ ನೋಡಿ ಕೇಳಿದರು: "ಮುಟ್ಟು ಯಾವಾಗಿಂದ ನಿಂತಿಲ್ಲ? ಗಟ್ಟಿ ಗಟ್ಟಿ ರಕ್ತ ಹೋಗುತ್ತಾ? ನೋವಿದೆಯಾ?"

ಪೂರ್ಣ ವಾಕ್ಯಗಳು. ನಡುವೆ ಹೊಸ್ತಿಲಿಲ್ಲ. ಅಷ್ಟು ಹೊತ್ತು ಹಲ್ಲು ಕಚ್ಚಿದ್ದ ನಾನು ಆಗ ಅತ್ತುಬಿಟ್ಟೆ.

"ಯಾಕಮ್ಮಾ, ನೋಯ್ತಾ?"

"ಇಲ್ಲ ಡಾಕ್ಟ್ರೇ. ಕೇಳಿದ್ರಲ್ಲ, ಅದಕ್ಕೆ."

ಅವರಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಕೆನ್ನೆ ತಟ್ಟಿದರು. ಆಮೇಲೆ ಹೇಳಿದರು, "ಇದು ಮಗು ಅಲ್ಲಮ್ಮ. ಗರ್ಭಕೋಶದಲ್ಲಿ ಗಡ್ಡೆ ಬೆಳೆದಿದೆ. ಗರ್ಭಕೋಶ ತೆಗೆಯಬೇಕಾಗುತ್ತೆ."

ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೇಳಿದಾಗ, ಹೆಸರಿಟ್ಟಿದ್ದೆನಲ್ಲ, ಆ ಎರಡು ಹೆಸರುಗಳು ಕಣ್ಣ ಮುಂದೆ ಹಾದುಹೋದವು. ನರ್ಸು ಸೋಪು ಹಚ್ಚಿ ಹಸಿರು ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದಳು. ಒಂದೂ ಒಡೆಯದಂತೆ ತೆಗೆದಳು. "ಏನ್ ಮಾಡ್ಲಿ ಇವನ್ನ?" ಎಂದಳು. ಅತ್ತೆ ಕೈಚಾಚಿ ಇಸಿದುಕೊಂಡು ಬಾಳಂತಿಯರ ವಾರ್ಡಿನ ಕಡೆ ಹೋದರು. ಯಾರಿಗೆ ಕೊಟ್ಟರೋ ನಾನು ಕೇಳಲಿಲ್ಲ.

ಕೊಯ್ಯುವ ಮೊದಲು ರಕ್ತ ಬೇಕೆಂದರು. ನಮ್ಮವರದು ಹೊಂದಲಿಲ್ಲ. ಅತ್ತೆಗೆ ವಯಸ್ಸಾಗಿತ್ತು. ಹೊಂದಿದ್ದು ಭಾವನವರದು. ದೇವರಿಗೂ ನನ್ನಂತೆಯೇ ಒಣ ಹಾಸ್ಯ ಇದೆಯೆಂದು ನನಗೆ ಖಾತ್ರಿಯಾದದ್ದು ಆವತ್ತು. ಒಂದು ಹನಿಯನ್ನು ಬಾವಿ ನೀರಿಗೆ ಬೆರೆಸಿ, ಆ ನೀರಿನ ಒಂದು ಹನಿಯನ್ನು ಕೆರೆಗೆ ಬೆರೆಸಿ, ಔಷಧಿ ತೆಳುವಾದಷ್ಟೂ ಬಲ ಹೆಚ್ಚು ಎಂದು ಊರಿಗೆ ಉಪದೇಶ ಮಾಡುತ್ತಿದ್ದವರು ಭಾವ. ಡಾಕ್ಟರಮ್ಮ ಆ ಪಂಥದವರಾಗಿರಲಿಲ್ಲ. ಬಾಟಲಿ ತುಂಬುವವರೆಗೂ ಸೂಜಿ ಬಿಡಲಿಲ್ಲ. ಭಾವ ಕೊಟ್ಟರು. ಅದನ್ನು ಬರೆಯದೆ ಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಬರೆದಿದ್ದೇನೆ. ಸಾಕು.

ಆಪರೇಷನ್ ಮುಗಿದ ಮೇಲೆ ಆಯಾ ಒಬ್ಬಳು ಬೇಸಿನ್ ಹಿಡಿದು ಹೊರಗೆ ಬಂದು, "ಹೊಳಲ್ಕೆರೆಯೋರು ಯಾರ್ರೀ? ಬರ್ರಿ, ನೋಡ್ಕಳ್ರಿ" ಎಂದಳಂತೆ. ತೆಗೆದದ್ದನ್ನು ರೋಗಿಯ ಕಡೆಯವರಿಗೆ ತೋರಿಸುವ ಪದ್ಧತಿ ಆಗ ಇತ್ತು. ಅತ್ತೆ ಭಾವನವರ ತೋಳು ಹಿಡಿದು ಮುಂದೆ ನೂಕಿ, "ನೋಡು. ನಿನ್ನ ಮದರು" ಎಂದರಂತೆ. ಸಿಪ್ಪೆ ಸುಲಿದ ತೆಂಗಿನಕಾಯಿಯಷ್ಟು ದೊಡ್ಡದಿತ್ತಂತೆ. ಭಾವ ಬೆಂಚಿನ ಮೇಲೆ ಕೂತುಬಿಟ್ಟರಂತೆ. ಇದನ್ನು ನೋಡುವ ಭಾಗ್ಯ ನನಗಿರಲಿಲ್ಲ. ಆದರೆ ಅತ್ತೆಯ ಬಾಯಲ್ಲಿ ಎಷ್ಟು ಸಲ ಹೇಳಿಸಿಕೊಂಡಿದ್ದೇನೆಂದರೆ, ನೋಡಿದವರಿಗಿಂತ ನನಗೆ ಚೆನ್ನಾಗಿ ನೆನಪಿದೆ.

ಹೊಲಿಗೆ ಬಿಚ್ಚುವ ಮುನ್ನ ಒಂದು ಬೆಳಿಗ್ಗೆ ನಮ್ಮವರು ಗಾಜಿನ ಲೋಟದಲ್ಲಿ ಹೊರಗಿನಿಂದ ಕಾಫಿ ತಂದರು. "ನಾನು ಆಗ್ಲೇ ಕಾರು ತರಬೇಕಿತ್ತು" ಎಂದರು. "ಹೌದು" ಎಂದೆ. ಕಾಫಿ ಕುಡಿದೆ. 'ಪರವಾಗಿಲ್ಲ' ಎನ್ನಲಿಲ್ಲ. ಪರವಾಗಿತ್ತು. ಅವರೂ ಅದನ್ನು ನಿರೀಕ್ಷಿಸಲಿಲ್ಲವೆನ್ನಿ. ಲೋಟ ತೊಳೆದಿಟ್ಟು ಕಾಲ ಬಳಿ ಕೂತರು. ಅಲ್ಲಿಂದ ಮುಂದೆ ನಮ್ಮಿಬ್ಬರ ಸಂಸಾರ ನೆಟ್ಟಗಾಯಿತು.

ಮನೆಗೆ ಬಂದೆ. ಭಾವ ತಗ್ಗಿಬಗ್ಗಿ ಇದ್ದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಕೆಲವು ದಿನ ಇದ್ದರು ಕೂಡ. ಒಂದು ದಿನ ಒಳಗೆ ಮಲಗಿದ್ದಾಗ ಪಡಸಾಲೆಯಲ್ಲಿ ಅವರು ಯಾರಿಗೋ ಹೇಳುತ್ತಿರುವುದು ಕಿವಿಗೆ ಬಿತ್ತು.

"ಮೈಯೆಲ್ಲ ಹರಡಬೇಕಾಗಿದ್ದ ರೋಗಾನ ನಮ್ಮ ಅಶೋಕ ಒಂದೇ ಕಡೆ ಕೂಡಿಸ್ತು. ಅದು ಗಡ್ಡೆ ಕಟ್ತು. ಇಲ್ದಿದ್ರೆ ಪಾಪ ಆ ಡಾಕ್ಟ್ರು ಎಲ್ಲಿ ಅಂತ ಕೊಯ್ಬೇಕಿತ್ತು ಹೇಳು?"

ಎದ್ದು ಕೂತೆ. ಹೊಲಿಗೆ ಎಳೆಯಿತು. ಆ ಕ್ಷಣದಲ್ಲಿ ನನಗೆ ಪೂರ್ಣ ಆರೋಗ್ಯ ಬಂತು.

ಅವರ ಪುಸ್ತಕವನ್ನು ಒಲೆಗೆ ಹಾಕಬಹುದಿತ್ತು, ಹಾಕಲಿಲ್ಲ. ಪೆಟ್ಟಿಗೆ ಮುಟ್ಟಲಿಲ್ಲ. ಜಗಳವನ್ನೂ ಆಡಲಿಲ್ಲ. ರಜೆಯ ದಿನಗಳಲ್ಲಿ ಅವರು ರೋಗಿಗಳನ್ನು ನೋಡುವ ಹೊತ್ತಿಗೆ ಸರಿಯಾಗಿ, ಅಡಿಗೆಮನೆಯಿಂದ ಹೊಸ್ತಿಲು ದಾಟಿ ಬಂದು, ಪಡಸಾಲೆಯಲ್ಲಿ ಅವರ ಮೇಜಿನ ಪಕ್ಕದ ಚಾಪೆಯ ಮೇಲೆ ಮಕ್ಕಳ ಉತ್ತರಪತ್ರಿಕೆ ಹರಡಿಕೊಂಡು ಕೂತೆ. ಭಾವ ಕುರ್ಚಿಯಲ್ಲಿ ಅತ್ತಿತ್ತ ಹೊರಳಿದರು. "ಅಮ್ಮಾ..." ಎಂದು ಒಳಗೆ ಕರೆದರು.

"ಅತ್ತೇನ ಯಾಕೆ ಕರೀತೀರಿ ಭಾವ? ನಾನಿಲ್ಲೇ ಇದೀನಲ್ಲ" ಎಂದೆ. "ನಿಮ್ಮ ರಕ್ತವೇ ನನ್ನ ಮೈಯಲ್ಲಿ ಓಡ್ತಾ ಇರುವಾಗ ನಮ್ಮಿಬ್ಬರ ನಡುವೆ ಮರೆ ಯಾಕೆ?"

ಭಾವ ಶೀಶೆಗಳ ಬಿರಡೆಗಳನ್ನು ಒಂದೊಂದಾಗಿ ಬಿಗಿಮಾಡತೊಡಗಿದರು.

ಕೆಮ್ಮಿನವರು ಬಂದರೆ ನಾನು ತಲೆಯೆತ್ತುತ್ತಿರಲಿಲ್ಲ. ಹೆಂಗಸರು ಬಂದು ದನಿ ತಗ್ಗಿಸಿದರೆ ಮಾತ್ರ ಪೆನ್ನು ಕೆಳಗಿಡುತ್ತಿದ್ದೆ. "ಏನು ಆಗೈತೆ? ಏನು ನಿಂತಿಲ್ಲ? ಗಟ್ಟಿಯಾಗಿ ಹೇಳಮ್ಮ, ಭಾವನೋರು ಔಷ್ಧಿ ಕೊಡ್ಬೇಕಲ್ಲ" ಎನ್ನುತ್ತಿದ್ದೆ. ಮುಟ್ಟು, ರಕ್ತ, ಗರ್ಭಕೋಶ ಎಂಬ ಪದಗಳು ಶಾಲೆಯಲ್ಲಿ ಮಗ್ಗಿ ಹೇಳಿದಂತೆ ಆ ಪಡಸಾಲೆಯಲ್ಲಿ ಮೊಳಗತೊಡಗಿದವು. ಪ್ರತಿ ಸಲವೂ ಭಾವನವರ ಕಿವಿ ಕೆಂಪಾಗುತ್ತಿತ್ತು. ಆ ಕೆಂಪು ನೋಡುವುದು ನನಗೆ ಟಾನಿಕ್ಕಿನಂತಾಯಿತು. ಹೆಂಗಸರಿಗೆ ನನ್ನ ಹೊಟ್ಟೆಯ ಹೊಲಿಗೆಯ ಕಥೆ ಹೇಳಿ, ದುರ್ಗದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಹೇಳಿ ಕಳಿಸುತ್ತಿದ್ದೆ. ಭಾವ ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು. ಅಷ್ಟಾದರೂ ನನಗೆ ತೃಪ್ತಿಯಾಗಿರಲಿಲ್ಲ. ಪದಗಳು ಅವರ ಕಿವಿಗೆ ಬೀಳುತ್ತಿದ್ದವು, ಬಾಯಿಂದ ಹೊರಟಿರಲಿಲ್ಲ.

ಮತ್ತೋಡಿನಿಂದ ಒಬ್ಬ ರೈತ ಹೆಂಡತಿಯನ್ನು ಕರೆದುಕೊಂಡು ಬಂದ. ಅವಳು ಗೋಡೆಗೆ ಒರಗಿ ಕೂತಳು. ತುಟಿಗೆ ಬಣ್ಣವಿರಲಿಲ್ಲ. ಅವಳ ಉಗುರು ನೋಡಿದೆ, ಸುಣ್ಣ.

"ಇವ್ಳಿಗೆ ನಿಂತೇ ಇಲ್ಲ ಸ್ವಾಮಿ" ಎಂದ ಗಂಡ.

ಭಾವ ಅಭ್ಯಾಸಬಲದಿಂದ ಪೆಟ್ಟಿಗೆಗೆ ಕೈಹಾಕಿದರು. ನಾನು ಪೆನ್ನು ಕೆಳಗಿಟ್ಟೆ. ಭಾವ ನನ್ನನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಅವಳ ಮುಖದಲ್ಲಿ ಯಾರನ್ನು ಕಂಡರೋ, ಬಹಳ ಹೊತ್ತು ನೋಡಿದರು. ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಇಳಿಯಿತು.

"ದುರ್ಗಕ್ಕೆ ಕರ್ಕಂಡ್ ಹೋಗಪ್ಪ. ಇವತ್ತೇ ಹೋಗು."

"ಅಲ್ಲಿ ಏನಂತ ಹೇಳ್ಲಿ ಸ್ವಾಮಿ? ನಂಗೆ ಹೇಳಕ್ಕೆ ಬರಲ್ಲ."

ಭಾವ ನನ್ನ ಕಡೆ ತಿರುಗಿದರು. ನಾನು ಹೇಳುತ್ತೇನೆಂದು ಕಾದರು. ಈ ಹಿಂದೆ ಪ್ರತಿ ಸಲವೂ ನಾನೇ ಹೇಳಿದ್ದೆ. ಈ ಸಲ ಉತ್ತರಪತ್ರಿಕೆಯೊಂದನ್ನು ಎತ್ತಿಕೊಂಡು ಬಹಳ ಶ್ರದ್ಧೆಯಿಂದ ತಿದ್ದತೊಡಗಿದೆ.

"ಹೇಳಿ ಭಾವ" ಎಂದೆ, ತಲೆಯೆತ್ತದೆ. "ಬಸ್ಸಿಗೆ ಹೊತ್ತಾಗುತ್ತೆ."

ಭಾವ ಕನ್ನಡಕ ತೆಗೆದರು. ಗಂಟಲು ಸರಿಮಾಡಿಕೊಂಡರು. ತಾಲ್ಲೂಕು ಕಚೇರಿಯಲ್ಲಿ ಎಂಥೆಂಥ ಆದೇಶಗಳನ್ನು ಓದಿದ್ದ ಗಂಟಲು ಅದು.

"ನನ್ನ ಹೆಂಡ್ತಿಗೆ... ಮುಟ್ಟು ನಿಂತಿಲ್ಲ ಅಂತ ಹೇಳು. ಮುಟ್ಟಿನ ರಕ್ತ ಬಹಳ ಹೋಗ್ತೈತೆ, ಉಳಿಸ್ಕೊಡಿ ಅಂತ ಹೇಳು."

ಮತ್ತೋಡಿನ ಹೆಂಗಸು ಗೋಡೆ ಹಿಡಿದು ಏಳುತ್ತಿದ್ದಳು. ನಾನು ತೋಳು ಕೊಟ್ಟೆ.

ಅಡಿಗೆಮನೆಯಲ್ಲಿ ರುಬ್ಬುಗುಂಡಿನ ಸದ್ದು ನಿಂತಿತ್ತು. ಬೀದಿಯ ಕೊನೆಯಲ್ಲಿ ಆಡಿದ ಮಾತನ್ನೂ ಬಿಡದೆ ಕೇಳುವ ನಮ್ಮ ಅತ್ತೆ ಒಳಗಿನಿಂದ ಕೂಗಿದರು:

"ನಂಗೆ ಕೇಳಿಸ್ಲಿಲ್ಲ ಕಣೋ. ಇನ್ನೊಂದ್ಸಲ ಹೇಳು."